ವಾಟರ್ ಪೋಲೋ: ಎಷ್ಟು ಏಟು ಆಟ, ಎಷ್ಟು ಅಲ್ಲ?

ಮಂಡ್ಯದ ಓದುಗರೊಬ್ಬರ ಪತ್ರ: "ನನ್ನ ಮಗಳಿಗೆ 14 ವರ್ಷ. ಈಜು ಚೆನ್ನಾಗಿ ಬರುತ್ತೆ ಅಂತ ಕೋಚ್ ಅವಳನ್ನ ವಾಟರ್ ಪೋಲೋ ತಂಡಕ್ಕೆ ಹಾಕಿದ್ದಾರೆ. ಮೊನ್ನೆ ಮೈಸೂರಿನಲ್ಲಿ ಮ್ಯಾಚ್ ಆಡಿ ಬಂದಳು. ಭುಜದ ಮೇಲೆ ಉಗುರಿನ ಗೀರು, ಪಕ್ಕೆ ನೀಲಿ ಕಟ್ಟಿದೆ. ಕೋಚ್ ಅವಳಿಗೆ, 'ಇದು ಅಂಥ ಆಟಾನೇ, ನೀರೊಳಗೆ ರೆಫರಿಗೆ ಕಾಣಲ್ಲ, ನೀನೂ ಕೊಡು' ಅಂದರಂತೆ. ಆಟ ಬಿಡಿಸಲಾ? ಹುಡುಗರ ಜೊತೆ ಪ್ರಾಕ್ಟೀಸ್ ಮಾಡಿಸ್ತಾರೆ, ಅದು ಸರಿನಾ?"

ಸಂಪಾದಕರ ಉತ್ತರ:

ಬಿಡಿಸಬೇಡಿ. ಆದರೆ 'ನೀನೂ ಕೊಡು' ಅನ್ನೋ ಮಾತನ್ನು ಮಾತ್ರ ಒಪ್ಪಬೇಡಿ.

ನಿಮ್ಮ ಕಡೆ ಕಬಡ್ಡಿ ನೋಡದವರು ಯಾರಿದ್ದಾರೆ? ರೈಡರ್‌ನ ಕಾಲು ಹಿಡಿದು ಕೆಡವಿದರೆ ಯಾರೂ ಅನ್ಯಾಯ ಅನ್ನಲ್ಲ, ಅದೇ ಆಟ. ಕುತ್ತಿಗೆ ಹಿಸುಕಿದರೆ ಮಾತ್ರ ಎಲ್ಲರೂ ಕೂಗುತ್ತಾರೆ. ನೀರಲ್ಲಿ ಈಜುತ್ತಾ ಎದುರಾಳಿಯ ಗೋಲಿನೊಳಗೆ ಚೆಂಡು ಎಸೆಯುವ ವಾಟರ್ ಪೋಲೋದಲ್ಲೂ ಹಾಗೇ. ಚೆಂಡು ಯಾರ ಕೈಯಲ್ಲಿದೆಯೋ ಅವರನ್ನು ಹಿಡಿಯಬಹುದು, ಎಳೆಯಬಹುದು, ನೀರಿಗೆ ಅದುಮಲೂಬಹುದು. ಅವರು ಚೆಂಡು ಬಿಟ್ಟ ಕ್ಷಣದಿಂದ ಅದೇ ಹಿಡಿತ ಫೌಲ್. ಅದಕ್ಕೇ ಪಳಗಿದ ಆಟಗಾರ್ತಿ ಎದುರಾಳಿ ತನ್ನ ಮೇಲೆ ಬೀಳುವ ಹೊತ್ತಿಗೆ ಸರಿಯಾಗಿ ಚೆಂಡನ್ನು ಕೈಯಿಂದ ಜಾರಿಸಿಬಿಡುತ್ತಾಳೆ. ವಿಸಿಲ್ ಬೀಳುತ್ತೆ, ಫ್ರೀ ಥ್ರೋ, ಅಂದರೆ ಅಡ್ಡಿಯಿಲ್ಲದೆ ಚೆಂಡು ಎಸೆಯುವ ಅವಕಾಶ ಸಿಗುತ್ತೆ. ದಡದಲ್ಲಿ ಕೂತ ನಮಗೆ ಸುಮ್ನೆ ಒದ್ದಾಟ ಅನ್ನಿಸುವುದರಲ್ಲಿ ಇಷ್ಟು ಲೆಕ್ಕಾಚಾರ ಇರುತ್ತದೆ.

ಚೆಂಡೇ ಇಲ್ಲದವರನ್ನು ಹಿಡಿದು ಮುಳುಗಿಸಿದರೆ ಅಥವಾ ಹಿಂದಕ್ಕೆ ಎಳೆದರೆ ಶಿಕ್ಷೆ ದೊಡ್ಡದು. ಆ ಆಟಗಾರ್ತಿ ಸ್ವಲ್ಪ ಹೊತ್ತು ಕೊಳದ ಮೂಲೆಗೆ ಹೋಗಿ ಕಾಯಬೇಕು. ನೀರಿನಲ್ಲಿ ಗೋಲ್‌ಕೀಪರ್ ಸೇರಿ 7 ಜನ ಇರುತ್ತಾರೆ, ಹಾಗಾಗಿ ಆ ಹೊತ್ತಿಗೆ ಅವಳ ತಂಡ 6 ಜನರಲ್ಲೇ ಗೋಲು ಕಾಯಬೇಕು. ಗೋಲು ಜಾಸ್ತಿ ಬೀಳೋದು ಅಂಥ ಹೊತ್ತಲ್ಲೇ. ಇಂಥ ದೊಡ್ಡ ಫೌಲ್ ಮೂರಾದರೆ ಆ ಮ್ಯಾಚ್ ಅವಳಿಗೆ ಮುಗಿಯಿತು. ಬೇಕೆಂದೇ ಗುದ್ದಿದರೆ, ಒದ್ದರೆ ಮತ್ತೆ ನೀರಿಗಿಳಿಯುವಂತಿಲ್ಲ, ತಂಡ 4 ನಿಮಿಷ ಒಬ್ಬರು ಕಡಿಮೆ ಇಟ್ಟುಕೊಂಡು ಆಡಬೇಕು. 2019ರಲ್ಲಿ ಇನ್ನೊಂದು ನಿಯಮ ಬಂತು. ಗೋಲಿನಿಂದ 6 ಮೀಟರ್ ಒಳಗೆ ಚೆಂಡನ್ನು ಗೋಲಿನತ್ತ ಹೊಡೆಯಲು ಹೊರಟವರನ್ನು ಹಿಂದಿನಿಂದ ತಡೆದರೆ, ಕೈ ಬರೀ ಚೆಂಡಿಗೆ ತಾಗಿದ್ದರೆ ಸರಿ, ಇಲ್ಲದಿದ್ದರೆ ಪೆನಾಲ್ಟಿ. ಇಷ್ಟೆಲ್ಲ ಇರುವಾಗ 'ನೀನೂ ಕೊಡು' ಅನ್ನೋ ಪಾಠದಿಂದ ಮಗು ಕೆಡುವುದಷ್ಟೇ ಅಲ್ಲ, ತಂಡವೂ ಸೋಲುತ್ತದೆ.

ನೀರಿನ ಕೆಳಗಿನದು ರೆಫರಿಗೆ ಪೂರ್ತಿ ಕಾಣಲ್ಲ, ಅದು ನಿಜ. ಇಬ್ಬರು ರೆಫರಿಗಳು ಕೊಳದ ಎರಡು ಬದಿ ನಡೆಯುತ್ತಾ ನೋಡಿದರೂ ಸೊಂಟದ ಕೆಳಗಿನ ಒದೆತ, ಬಟ್ಟೆ ಜಗ್ಗೋದು ಎಷ್ಟೋ ತಪ್ಪಿಹೋಗುತ್ತದೆ. ಇದಕ್ಕೆ ಉತ್ತರ ಕಾಲಿನಲ್ಲಿದೆ. ತಳಕ್ಕೆ ಕಾಲೂರುವಂತಿಲ್ಲ, ಊರಲು ಸಿಗುವುದೂ ಇಲ್ಲ. ಮಂಡಿ ಅಗಲಿಸಿ, ಒಂದು ಕಾಲು ಆದಮೇಲೆ ಇನ್ನೊಂದನ್ನು ಸುತ್ತಿಸಿ ನೀರು ತುಳಿಯುವ ಎಗ್‌ಬೀಟರ್ ಕಿಕ್ ಅಂತ ಇದೆ. ಅದು ಗಟ್ಟಿಯಾದರೆ ಎದೆಯವರೆಗೆ ಮೇಲೆ ನಿಂತು, ಎರಡೂ ಕೈ ಬಿಡಿಯಾಗಿಟ್ಟುಕೊಂಡು, ಎದುರಾಳಿಯನ್ನು ಹಿಡಿಯದೆಯೇ ಅವಳ ಮುಂದೆ ಜಾಗ ಮಾಡಿಕೊಳ್ಳಬಹುದು. ಕಾಲು ಸೋತವರೇ ಕೈಯಲ್ಲಿ ಜಗ್ಗೋದು. ನಿಮ್ಮ ಮಗಳಿಗೆ ಈ ಕಾಲು ದಿನಾ ಕಲಿಸುತ್ತಿದ್ದಾರಾ ಅಂತ ಮೊದಲು ಕೇಳಿ.

ಉಗುರಿನ ಗೀರು ಅಂದಿರಲ್ಲ, ಅದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ನೀರಿಗಿಳಿಯುವ ಮೊದಲು ಪ್ರತಿಯೊಬ್ಬರ ಉಗುರು ನೋಡಬೇಕಾದದ್ದು ರೆಫರಿಗಳ ಕೆಲಸ. ಉದ್ದ ಇದ್ದರೆ ಅಲ್ಲೇ ಕತ್ತರಿಸಬೇಕು. ಮೈಗೆ ಎಣ್ಣೆ ಹಚ್ಚಿಕೊಂಡು ಬರುವಂತಿಲ್ಲ. ಭುಜ ಸೀಳುವಷ್ಟು ಉಗುರು ಕೊಳದೊಳಗೆ ಹೋಗಿದೆ ಅಂದರೆ ಆ ದಿನ ಯಾರೋ ಸರಿಯಾಗಿ ನೋಡಿಲ್ಲ. ಅದನ್ನು ಆಟದ ತಲೆಗೆ ಕಟ್ಟಬೇಡಿ, ಸಂಘಟಕರನ್ನು ಕೇಳಿ. ಹಾಗೇ ಕಿವಿ ಮುಚ್ಚುವ ಪ್ಲಾಸ್ಟಿಕ್ ಕಪ್ ಇರುವ ಟೋಪಿ ಪ್ರಾಕ್ಟೀಸಿನಲ್ಲೂ ಇರಲಿ. ಒದ್ದೆ ಕಿವಿ ಮೇಲೆ ಅಂಗೈ ಬಿದ್ದರೆ ಕಿವಿತಮಟೆ ಹರಿಯಬಹುದು. ತಲೆಗೆ ಏಟು ಬಿದ್ದು ಮಂಕಾದರೆ, ವಾಂತಿ ಬಂದರೆ ಆ ದಿನ ಮತ್ತೆ ನೀರಿಗಿಳಿಸದೆ ಡಾಕ್ಟರಿಗೆ ತೋರಿಸಿ.

ಬಟ್ಟೆ ವಿಷಯ ಹೆಣ್ಣುಮಕ್ಕಳಿಗೆ ಇನ್ನೂ ಮುಖ್ಯ. ಮಾಮೂಲಿ ಈಜುಡುಗೆಯ ಪಟ್ಟಿ ಹಿಡಿದು ಜಗ್ಗೋದು ಸುಲಭ. ವಾಟರ್ ಪೋಲೋಗೇ ಅಂತ ಕುತ್ತಿಗೆವರೆಗೆ ಬಿಗಿಯಾಗಿ, ಬೆನ್ನಲ್ಲಿ ಜಿಪ್ ಇರುವ ಸೂಟ್ ಬರುತ್ತದೆ, ಕೈಗೆ ಸಿಗಲ್ಲ. ಅದು ಸಿಗುವವರೆಗೆ ಒಂದರ ಮೇಲೊಂದು ಎರಡು ಹಾಕಿಕೊಳ್ಳಲಿ, ದೊಡ್ಡ ಆಟಗಾರರೇ ಹಾಗೆ ಮಾಡುತ್ತಾರೆ. ಯಾರಾದರೂ ಬೇಕೆಂದೇ ಮುಟ್ಟಬಾರದ ಕಡೆ ಮುಟ್ಟಿದರೆ ಅದು ಆಟದ ಭಾಗ ಅಲ್ಲವೇ ಅಲ್ಲ. ಅದನ್ನು ಮನೆಯಲ್ಲಿ ಹೇಳಬಹುದು, ಹೇಳಬೇಕು ಅಂತ ಅವಳಿಗೆ ಬಾಯಿಬಿಟ್ಟು ತಿಳಿಸಿ.

ಇದು ರಕ್ತ ಹರಿಯುವ ಆಟ ಅಂತ ಹೆದರಿಸುವವರು 1956ರ ಮೆಲ್ಬರ್ನ್ ಒಲಿಂಪಿಕ್ಸ್ ಕಥೆ ಹೇಳುತ್ತಾರೆ. ಡಿಸೆಂಬರ್ 6ರಂದು ಹಂಗೇರಿ 4-0ಯಿಂದ ಸೋವಿಯತ್ ತಂಡದ ಮುಂದಿತ್ತು. ಕೊನೆಗೆ ಹಂಗೇರಿಯ ಆಟಗಾರ ಎರ್ವಿನ್ ಜಾಡೋರ್ ಕಣ್ಣಿನ ಹತ್ತಿರ ಗುದ್ದು ಬಿತ್ತು, ಮುಖದ ಮೇಲೆ ರಕ್ತ ಸುರಿಸಿಕೊಂಡೇ ಅವರು ನೀರಿನಿಂದ ಎದ್ದು ಬಂದರು, ಪ್ರೇಕ್ಷಕರು ಕೆರಳಿ ಮ್ಯಾಚ್ ಅಲ್ಲೇ ನಿಂತಿತು. ಆದರೆ ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಸೋವಿಯತ್ ಟ್ಯಾಂಕುಗಳು ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ನ ದಂಗೆಯನ್ನು ತುಳಿದು ಹಾಕಿದ್ದವು. ಆ ಸಿಟ್ಟನ್ನು ವಾಟರ್ ಪೋಲೋ ಲೆಕ್ಕಕ್ಕೆ ಬರೆಯೋದು ಸರಿಯಲ್ಲ, ಅಲ್ವಾ? ನಮ್ಮಲ್ಲಿ ಹೇಳಬೇಕಾದ ಕಥೆ ಬೇರೆ ಇದೆ. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಈ ಆಟದಲ್ಲಿ ಚಿನ್ನ ಗೆದ್ದದ್ದು ಭಾರತ. ಹೆಣ್ಣುಮಕ್ಕಳ ವಾಟರ್ ಪೋಲೋ ಒಲಿಂಪಿಕ್ಸ್‌ಗೆ ಬಂದದ್ದು 2000ದಲ್ಲಿ, ಪುರುಷರದು ಶುರುವಾಗಿ ಪೂರ್ತಿ 100 ವರ್ಷ ಆದಮೇಲೆ. ಅಷ್ಟು ತಡವಾಗಿ ತೆರೆದ ಬಾಗಿಲನ್ನು ನಾವೇ ಮುಚ್ಚೋದು ಬೇಡ.

ಇನ್ನು ಹುಡುಗರ ಜೊತೆ ಪ್ರಾಕ್ಟೀಸ್. ಪಾಸಿಂಗು, ಶೂಟಿಂಗು, ಈಜಿಗೆ ತೊಂದರೆ ಇಲ್ಲ, ಅವರ ವೇಗಕ್ಕೆ ಆಡಿದರೆ ಅವಳಿಗೇ ಲಾಭ. ಗೋಲಿನ ಮುಂದೆ ಮೈಗೆ ಮೈ ಕೊಟ್ಟು ಆಡುವ ಸೆಂಟರ್ ಜಾಗಕ್ಕೆ ಮಾತ್ರ ಹೆಣ್ಣುಮಕ್ಕಳ ಜೊತೆಯೇ ಆಡಿಸಲಿ. ನಮ್ಮ ಊರುಗಳಲ್ಲಿ ಅಷ್ಟು ಹುಡುಗಿಯರು ಸಿಗದಿದ್ದರೆ ತೂಕ, ಎತ್ತರ ನೋಡಿ ಜೋಡಿ ಹಾಕಬೇಕು, ಅವಳು ಸಾಕು ಅಂದ ಕೂಡಲೇ ನಿಲ್ಲಿಸಬೇಕು. ಇದನ್ನು ಫೋನಿನಲ್ಲಿ ಬೇಡ, ಕೊಳದ ಹತ್ತಿರ ಹೋಗಿ ಕೋಚ್ ಎದುರಿಗೇ ಕೇಳಿ. ಮಗಳೂ ಪಕ್ಕದಲ್ಲಿರಲಿ.