ವೆಂಟಿಲೇಟರ್ ತೆಗೆಸಿದರೆ ಪಾಪವೇ?

ಪ್ರಶ್ನೆ: ಮೆದುಳಿನ ರಕ್ತಸ್ರಾವವಾಗಿ ತಂದೆ ವೆಂಟಿಲೇಟರ್ ಮೇಲಿದ್ದಾರೆ. ಚೇತರಿಕೆ ಸಾಧ್ಯವಿಲ್ಲ ಎನ್ನುತ್ತಾರೆ ಡಾಕ್ಟರು. ಯಂತ್ರ ತೆಗೆಸಿದರೆ ಕೊಲೆ ಮಾಡಿದಂತೆ ಎನ್ನುತ್ತಾರೆ ಚಾಚಾ. ಮಾರ್ಫಿನ್ ಕೊಡಿಸಬಹುದೇ?
– ಓದುಗರೊಬ್ಬರು, ಹಾವೇರಿ

ಉತ್ತರ: ನಿಮ್ಮ ಚಾಚಾ ಹೆದರುವುದು ಸಹಜ. ಪ್ರಾಣ ತೆಗೆಯಲೆಂದೇ ಇಂಜೆಕ್ಷನ್ ಕೊಡುವುದು, ರೋಗಿಯೇ ಬೇಡಿಕೊಂಡರೂ ಹರಾಮ್ (ಧರ್ಮನಿಷಿದ್ಧ). ಫಲವಿಲ್ಲದ ಚಿಕಿತ್ಸೆ ನಿಲ್ಲಿಸುವುದು ಬೇರೆ ಮಾತು. ಗುಣವಾಗುವ ಭರವಸೆಯೇ ಇಲ್ಲದಾಗ ಚಿಕಿತ್ಸೆ ಕಡ್ಡಾಯವಲ್ಲ ಎಂಬುದು ಬಹುಪಾಲು ಉಲಮಾಗಳ (ಇಸ್ಲಾಮಿ ಧರ್ಮವಿದ್ವಾಂಸರ) ನಿಲುವು.

ಮೊದಲು ಡಾಕ್ಟರನ್ನು ಕೇಳಿ: ಇದು ಮೆದುಳಿನ ಸಾವೇ, ಆಳವಾದ ಕೋಮಾವೇ? ಮೆದುಳಿನ ಸಾವು ಎನ್ನಲು ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಆಗಬೇಕು. ನಿದ್ದೆ ಔಷಧದ ಪರಿಣಾಮ ಉಳಿದಿದ್ದರೆ ಪರೀಕ್ಷೆ ದಾರಿ ತಪ್ಪಿಸುತ್ತದೆ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿ, ಮೆದುಳು ಮರಳದಂತೆ ನಿಂತಿದೆಯೆಂದು ತಜ್ಞರು ಖಚಿತಪಡಿಸಿದರೆ ಹೃದಯ ಮಿಡಿಯುತ್ತಿದ್ದರೂ ಯಂತ್ರ ತೆಗೆಯಬಹುದು ಎಂದಿತು. ಮರುವರ್ಷ ಮಕ್ಕಾದ ಫಿಕ್ಹ್ ಮಂಡಳಿಯೂ ಮೂವರು ತಜ್ಞರ ಮಾತಿನ ಮೇಲೆ ಒಪ್ಪಿತು. ಆದರೆ ಉಸಿರು, ಹೃದಯ ನಿಂತ ಮೇಲಷ್ಟೇ ಸಾವು ಎಂದಿತು. ಇದ್ದತ್ತಿನ (ಗಂಡ ತೀರಿದ ಮೇಲೆ ಹೆಂಡತಿ ಕಾಯಬೇಕಾದ ಅವಧಿಯ) ದಿನ ಎಣಿಸುವಾಗ, ಸಾವು ಯಾವಾಗ ಎಂಬ ಈ ವ್ಯತ್ಯಾಸ ಬರುತ್ತದೆ, ನಿಮ್ಮ ಮುಫ್ತಿಯವರನ್ನು ಕೇಳಿಕೊಳ್ಳಿ.

ಕೋಮಾ ಆದರೆ ಚಿಕಿತ್ಸೆ ನಿಲ್ಲಿಸುವ ಬಗ್ಗೆ ಸುಪ್ರೀಂ ಕೋರ್ಟಿನ 2018ರ ತೀರ್ಪು, 2023ರ ತಿದ್ದುಪಡಿಯ ದಾರಿ ಹಿಡಿಯಬೇಕು. ಚಿಕಿತ್ಸೆ ಕೊಡುವ ಡಾಕ್ಟರು ಮತ್ತು ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರ ಮಂಡಳಿ ಒಪ್ಪಬೇಕು. ಮನೆಯವರು ಲಿಖಿತ ಒಪ್ಪಿಗೆ ಕೊಡಬೇಕು. ಆಮೇಲೆ ಎರಡನೇ ಮಂಡಳಿಯೂ ಒಪ್ಪಬೇಕು. ಪ್ರತಿ ಮಂಡಳಿಯೂ ಸಾಧ್ಯವಾದಷ್ಟು 48 ಗಂಟೆಯೊಳಗೆ ಹೇಳಬೇಕು. ಯಂತ್ರ ತೆಗೆಯುವ ಮುಂಚೆ ಆಸ್ಪತ್ರೆಯೇ ಮ್ಯಾಜಿಸ್ಟ್ರೇಟರಿಗೆ ತಿಳಿಸುತ್ತದೆ. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿರುವುದರಿಂದ, ನಮ್ಮಲ್ಲಿ ಇದೆಲ್ಲ ಇಲ್ಲ ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ.

ದಯವಿಟ್ಟು 'ಸ್ವಂತ ಜವಾಬ್ದಾರಿ ಮೇಲೆ' ಡಿಸ್ಚಾರ್ಜ್ ಮಾಡಿಸಿಕೊಂಡು ಆಂಬ್ಯುಲೆನ್ಸಿನಲ್ಲಿ ಕೊಳವೆ ತೆಗೆಸಬೇಡಿ. ನೋವು, ಏದುಸಿರು ತಗ್ಗಿಸುವ ಔಷಧ ಅಲ್ಲಿರುವುದಿಲ್ಲ. ರೋಗಿ ಒದ್ದಾಡುವುದನ್ನು ಮನೆಯವರು ಕಣ್ಣಾರೆ ನೋಡಬೇಕಾಗುತ್ತದೆ.

ಮಾರ್ಫಿನ್ ಕೊಡಿಸಬಹುದು. ನೋವು ತಗ್ಗಿಸುವ ಉದ್ದೇಶದಿಂದ, ಕಡಿಮೆಯಿಂದ ಶುರುಮಾಡಿ ಬೇಕಾದಷ್ಟೇ ಹೆಚ್ಚಿಸುತ್ತಾರೆ. ಎಚ್ಚರವಿರುವ ರೋಗಿಗಾದರೆ, ಕಲಿಮಾ (ಇಸ್ಲಾಮಿನ ವಿಶ್ವಾಸವಚನ) ಹೇಳುವಷ್ಟು ಎಚ್ಚರ ಉಳಿಸಿ ಎಂದು ಕೇಳಬಹುದು. ಮಗ್ಗಲು ಬದಲಿಸುವುದು, ಬಾಯಿ ಒರೆಸುವುದು ನಿಲ್ಲಿಸಬೇಡಿ. ನಳಿಕೆಯ ಆಹಾರ, ನೀರನ್ನು ಕೇವಲ ಸಾವು ಬೇಗ ಬರಲಿ ಎಂದು ನಿಲ್ಲಿಸುವುದನ್ನು ಹೆಚ್ಚಿನ ಉಲಮಾಗಳು ಒಪ್ಪುವುದಿಲ್ಲ.

ಝಮ್‌ಝಮ್ ನೀರನ್ನು (ಮಕ್ಕಾದ ಪವಿತ್ರ ಜಲ) ಚಮಚದಲ್ಲಿ ಬಾಯಿಗೆ ಹಾಕಬೇಡಿ, ಪ್ರಜ್ಞೆಯಿಲ್ಲದವರಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹತ್ತಿಯನ್ನು ಅದ್ದಿ, ಹಿಂಡಿ, ತುಟಿ ಒದ್ದೆ ಮಾಡಿ ಸಾಕು. ಮಂಚವನ್ನು ಕಿಬ್ಲಾ (ನಮಾಜಿನ ದಿಕ್ಕು) ಕಡೆ ತಿರುಗಿಸಲಾಗದಿದ್ದರೆ ದೋಷವಿಲ್ಲ. ಕಿವಿಯ ಬಳಿ ಮೆಲ್ಲಗೆ ಕಲಿಮಾ ಹೇಳಲು ಒಬ್ಬರನ್ನು ಒಳಗೆ ಬಿಡಿ ಎಂದು ನರ್ಸಮ್ಮನನ್ನು ಮುಂಚೆಯೇ ಕೇಳಿಕೊಳ್ಳಿ.