ಹೊಟ್ಟೆಯುಬ್ಬರಕ್ಕೆ ಮದ್ದು, ತೂಕಕ್ಕೆ ತಡೆ: ಹತ್ತು ವಾರದ ಶಿಶುವಿನ ಪ್ರಕರಣ

ತಾಯಿ ಯಾರು, ಮಗು ಯಾರದು ಎಂಬುದು ತಿಳಿಯಬಾರದೆಂಬ ಕಾರಣಕ್ಕೆ ಊರಿನ ಹೆಸರನ್ನು ಬಿಟ್ಟು, ಮನೆಯ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಮೊದಲ ಹೆರಿಗೆಗೆಂದು ಹೊಸನಗರ ತಾಲ್ಲೂಕಿನ ತವರಿಗೆ ಬಂದು ಬಾಣಂತನದಲ್ಲಿದ್ದ ತಾಯಿಯನ್ನೂ ಆಕೆಯ ಹೆಣ್ಣುಮಗುವನ್ನೂ ಆಶಾ ಕಾರ್ಯಕರ್ತೆಯೊಬ್ಬರು ತಾಯಂದಿರಿಗೆ ಹಾಲೂಡಿಸುವ ಸಲಹೆ ಕೊಡುವ ನನ್ನ ಬಳಿಗೆ ಕಳುಹಿಸಿದ್ದರು. ಹತ್ತನೇ ವಾರದ ಲಸಿಕೆಗೆ ಕರೆತಂದಾಗ ಮಗುವಿನ ತೂಕ 3.9 ಕೆ.ಜಿ. ಇತ್ತು, ತೂಕ, ಲಸಿಕೆ ಬರೆದಿಡುವ ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಚುಕ್ಕೆ ವಯಸ್ಸಿಗೆ ತಕ್ಕ ತೂಕದ ಹಸಿರು ಪಟ್ಟಿಯಿಂದ ಜಾರಿ ಕಡಿಮೆ ತೂಕದ ಹಳದಿಗೆ ಬಿದ್ದಿತ್ತು. ಆದರೆ ಮನೆಯವರು ಹೇಳಿಕೊಂಡ ದೂರು ತೂಕದ್ದಾಗಿರಲಿಲ್ಲ. ಮಗುವಿಗೆ ವಿಪರೀತ ವಾಯು, ಸಂಜೆಯಾದರೆ ಕಾಲು ಮಡಚಿಕೊಂಡು ಕಿರುಚುತ್ತದೆ, ವಾಯು ಹೋದರೆ ಮೈ ತಾನಾಗಿ ಹಿಡಿಯುತ್ತದೆ, ಅದಕ್ಕೊಂದು ದಾರಿ ಹೇಳಿ ಎಂದು ಅಜ್ಜಿ ಕೇಳಿದರು.

ನಾನು ಮೊದಲು ಕೇಳಿದ್ದು ತಾಯಿ ಕಾರ್ಡನ್ನು. ಹುಟ್ಟಿದಾಗ ತೂಕ 2.7 ಕೆ.ಜಿ.; ಮೊದಲ ದಿನಗಳಲ್ಲಿ ಎಲ್ಲ ಮಕ್ಕಳಂತೆ ಸ್ವಲ್ಪ ಇಳಿದು, ಎರಡನೇ ವಾರದ ಹೊತ್ತಿಗೆ ಹುಟ್ಟುತೂಕಕ್ಕೆ ಮರಳಿತ್ತು; ಆರನೇ ವಾರದ ಲಸಿಕೆಯ ದಿನ 3.6 ಕೆ.ಜಿ. ಎಂದರೆ ಆ ನಾಲ್ಕು ವಾರಗಳಲ್ಲಿ ಮಗು ದಿನಕ್ಕೆ ಸುಮಾರು 30 ಗ್ರಾಂ ಏರಿತ್ತು. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 25ರಿಂದ 30 ಗ್ರಾಂ ಏರಿದರೆ ಸಾಕು. ಚಿಕ್ಕದಾಗಿ ಹುಟ್ಟಿದ ಈ ಮಗು ಅದನ್ನು ಸರಿಯಾಗಿಯೇ ಮಾಡುತ್ತಿತ್ತು. ಮುಂದಿನ ನಾಲ್ಕು ವಾರಗಳಲ್ಲಿ ಏರಿದ್ದು ಒಟ್ಟು 300 ಗ್ರಾಂ, ದಿನಕ್ಕೆ 11 ಗ್ರಾಂ ಕೂಡ ತುಂಬದು. ಆದ್ದರಿಂದ ನನಗೆ ಬೇಕಾಗಿದ್ದ ಉತ್ತರ ಒಂದೇ ಆಗಿತ್ತು: ಆರನೇ ವಾರದ ನಂತರ ಆ ಮನೆಯಲ್ಲಿ ಏನು ಬದಲಾಯಿತು?

ಬದಲಾದದ್ದು ಬಹಳ. ಎಳೆಯ ಮಕ್ಕಳ ಅಳು ಸಾಮಾನ್ಯವಾಗಿ ಆರನೇ ವಾರದ ಆಸುಪಾಸಿನಲ್ಲಿ ಅತಿ ಹೆಚ್ಚಾಗಿದ್ದು, ಮೂರು ನಾಲ್ಕು ತಿಂಗಳ ಹೊತ್ತಿಗೆ ತಾನೇ ಇಳಿಯುತ್ತದೆ. ಈ ಮಗುವೂ ಹಾಗೆಯೇ ಸಂಜೆಗಳಲ್ಲಿ ಅಳಲು ತೊಡಗಿದಾಗ ಮನೆಯವರು ಅದನ್ನು ವಾಯುವೆಂದು ತೀರ್ಮಾನಿಸಿ, ಬೆಳಿಗ್ಗೆ ಒಂದು ಒಳಲೆ (ಮಗುವಿಗೆ ಕುಡಿಸುವ ಮೂತಿಯುಳ್ಳ ಪುಟ್ಟ ಬಟ್ಟಲು) ಮತ್ತು ಸಂಜೆ ಒಂದು ಒಳಲೆ ಓಮದ ನೀರು, ಮೂರು ಹೊತ್ತು ಗ್ರೈಪ್ ವಾಟರ್, ಎಣ್ಣೆನೀರಿನ ನಂತರ ಜೇನಿನಲ್ಲಿ ತೇದ ಬಜೆ ಎಂದು ಕ್ರಮ ಕಟ್ಟಿದ್ದರು. ರಾತ್ರಿ ಬಾಣಂತಿ ನಿದ್ದೆ ಮಾಡಲೆಂದು ಅಜ್ಜಿ ಮಗುವನ್ನು ತಮ್ಮ ಪಕ್ಕದಲ್ಲಿ ಮಲಗಿಸಿಕೊಂಡು, ಎದ್ದರೆ ಕೊಟ್ಟಿಗೆಯ ಹಸುವಿನ ಹಾಲಿಗೆ ಅಷ್ಟೇ ನೀರು ಬೆರೆಸಿ ಬಾಟಲಿಯಲ್ಲಿ ಕುಡಿಸುತ್ತಿದ್ದರು. ಅದೇ ಹೊತ್ತಿಗೆ, ಎರಡೂ ಕಡೆ ಸಮನಾಗಿ ಐದೈದು ನಿಮಿಷ ಕುಡಿಸಬೇಕೆಂದು ನೆಂಟರೊಬ್ಬರು ಹೇಳಿದ್ದನ್ನು ನಂಬಿ, ತಾಯಿ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಕುಡಿಸಲು ಶುರುಮಾಡಿದ್ದರು. ಇವೆಲ್ಲವೂ ಪ್ರೀತಿಯಿಂದ ನಡೆದದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಗಿದ್ದುದರಿಂದಲೇ ಅವನ್ನು ನಿಲ್ಲಿಸುವುದು ಕಷ್ಟವಿತ್ತು.

ನಾನು ವೈದ್ಯಳಲ್ಲ. ತೂಕ ಏರದ ಶಿಶುವನ್ನು ಮಕ್ಕಳ ವೈದ್ಯರು ನೋಡದೆ ಹಾಲೂಡಿಸುವ ಸಲಹೆಯೊಂದರ ಮೇಲೆಯೇ ನಿಲ್ಲುವುದು ಸರಿಯಲ್ಲವೆಂದು ಮೊದಲ ದಿನವೇ ಹೇಳಿದೆ. ವೈದ್ಯರು ಹೃದಯ, ಬಾಯಿಹುಣ್ಣು, ನಾಲಿಗೆಯ ಕೆಳಗಿನ ತಂತು, ಮೂತ್ರದ ಸೋಂಕು ಎಲ್ಲವನ್ನೂ ಪರೀಕ್ಷಿಸಿ ಕಾಯಿಲೆಯೇನೂ ಕಾಣುವುದಿಲ್ಲವೆಂದ ಮೇಲೆಯೇ ಮುಂದಿನ ಕೆಲಸ. ಜ್ವರ ಬಂದರೆ, ಹಸಿರು ಪಿತ್ತದ ಅಥವಾ ಚಿಮ್ಮುವಂಥ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಹಾಲು ಕುಡಿಯುವಾಗ ಏದುಸಿರು ಬಂದು ಬೆವರಿದರೆ, ಮಂಕಾಗಿ ಹಾಲನ್ನೇ ಬಿಟ್ಟರೆ ನನಗೆ ಫೋನು ಮಾಡುತ್ತ ಕೂರದೆ ನೇರವಾಗಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಬೇಕೆಂದು ಬರೆದುಕೊಟ್ಟೆ. ಮಳೆಗಾಲದಲ್ಲಿ ಆ ಕಡೆಯಿಂದ ಶಿವಮೊಗ್ಗ ತಲುಪುವುದಕ್ಕೆ ಹಿಡಿಯುವ ಹೊತ್ತನ್ನು ನೆನೆದರೆ ಬೆಳಗಾಗಲಿ ನೋಡೋಣ ಎನ್ನುವುದು ಇಂಥ ಲಕ್ಷಣಗಳಿಗೆ ಸಲ್ಲದು.

ಆಮೇಲೆ ಒಂದು ಹೊತ್ತು ಹಾಲೂಡಿಸುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ. ತಾಯಿ ತಗ್ಗಾದ ಮಂಚದ ಮೇಲೆ ಬೆನ್ನಿಗೆ ಆಸರೆಯಿಲ್ಲದೆ ಮುಂದಕ್ಕೆ ಬಾಗಿ ಕೂತಿದ್ದರು. ತೊಡೆಯ ಮೇಲೆ ಅಂಗಾತ ಮಲಗಿದ್ದ ಮಗು ಕುತ್ತಿಗೆಯನ್ನು ಮಾತ್ರ ಪಕ್ಕಕ್ಕೆ ತಿರುಗಿಸಿ ಮೊಲೆತೊಟ್ಟಿನ ತುದಿಯನ್ನಷ್ಟೇ ಕಚ್ಚಿಕೊಂಡಿತ್ತು. ಚೀಪುವಾಗ ಕೆನ್ನೆ ಒಳಗೆ ಸರಿಯುತ್ತಿತ್ತು, ಪ್ರತಿ ಎರಡು ಮೂರು ಗುಟುಕಿಗೊಮ್ಮೆ ಟಕ್ ಎಂಬ ಸದ್ದು ಬರುತ್ತಿತ್ತು. ಹಿಡಿತ ಸಡಿಲಗೊಂಡು ಗಾಳಿ ಒಳಹೋಗುವ ಸದ್ದದು. ಐದು ನಿಮಿಷಕ್ಕೆ ಅಲಾರಂ ಕೂಗಿತು, ತಾಯಿ ಮಗುವನ್ನು ಬಿಡಿಸಿದರು. ಹೊರಬಂದ ತೊಟ್ಟು ದುಂಡಗಿರದೆ ಹೊಸ ಲಿಪ್‌ಸ್ಟಿಕ್ಕಿನ ತುದಿಯಂತೆ ಓರೆಯಾಗಿ ಚಪ್ಪಟೆಯಾಗಿತ್ತು. ಕುಡಿಸುವ ಮೊದಲು ಮತ್ತು ನಂತರ ಅದೇ ಬಟ್ಟೆಯಲ್ಲಿ ಮಗುವನ್ನು ತೂಗಿದಾಗ ಎರಡೂ ಕಡೆ ಸೇರಿ ಹೊಟ್ಟೆ ಸೇರಿದ್ದು ಸುಮಾರು 35 ಗ್ರಾಂ ಹಾಲು. ಈ ತೂಕದ ಮಗುವಿಗೆ ದಿನಕ್ಕೆ ಕೆ.ಜಿ.ಗೆ 150 ಮಿ.ಲೀ. ಲೆಕ್ಕದಲ್ಲಿ ಹೆಚ್ಚುಕಡಿಮೆ 585 ಮಿ.ಲೀ. ಬೇಕು, ಒಂಬತ್ತು ಸಲ ಕುಡಿದರೂ ಪ್ರತಿ ಸಲಕ್ಕೆ 65 ಮಿ.ಲೀ. ಬೀಳಬೇಕು.

ವಾಯು ಎಲ್ಲಿಂದ ಬಂತು, ತೂಕ ಎಲ್ಲಿ ನಿಂತಿತು ಎಂಬೆರಡಕ್ಕೂ ಉತ್ತರ ಅಲ್ಲಿಯೇ ಇತ್ತು. ತೊಟ್ಟಿನ ತುದಿಯನ್ನಷ್ಟೇ ಹಿಡಿಯುವ ಮೇಲುಹಿಡಿತದಿಂದ ಹಾಲಿನ ಜತೆ ಗಾಳಿ ಹೋಗುತ್ತಿತ್ತು. ಎದೆ ತುಂಬಿದ್ದಾಗ ಮೊದಲು ಬರುವ ಹಾಲು ತೆಳುವಾಗಿದ್ದು, ಎದೆ ಬರಿದಾಗುತ್ತ ಬಂದಂತೆ ಕೊಬ್ಬಿನಂಶ ಹೆಚ್ಚುತ್ತದೆ. ಐದು ನಿಮಿಷಕ್ಕೆ ಪಕ್ಕ ಬದಲಿಸಿದ್ದರಿಂದ ಮಗುವಿಗೆ ಎರಡೂ ಕಡೆಯ ತೆಳು ಹಾಲೇ ಸಿಕ್ಕಿ, ಅದರಲ್ಲಿನ ಹಾಲುಸಕ್ಕರೆ ಕರುಳಿನಲ್ಲಿ ಹುದುಗೆದ್ದು ಹಸಿರುಬಣ್ಣದ ನೊರೆನೊರೆಯಾದ ಮಲವಾಗುತ್ತಿತ್ತು. ಅದನ್ನು ಮನೆಯವರು ಅಜೀರ್ಣವೆಂದು ತಿಳಿದು ಮತ್ತಷ್ಟು ಓಮದ ನೀರು ಹಾಕಿದರು. ಶಕ್ತಿಯಿಲ್ಲದ ನೀರು ಹೊಟ್ಟೆ ತುಂಬಿ ಮಗು ಕಡಿಮೆ ಚೀಪಿತು. ಚೀಪಿದ್ದು ಕಡಿಮೆಯಾದ್ದರಿಂದ ಹಾಲೂ ಇಳಿಯಿತು. ಹಿಡಿತ ಮೊದಲಿನಿಂದ ಹಾಗೆಯೇ ಇದ್ದಿರಬಹುದು. ಆದರೆ ಹೆರಿಗೆಯಾದ ಮೊದಲ ವಾರಗಳಲ್ಲಿ ಹಾರ್ಮೋನುಗಳ ಬಲದಿಂದ ಹಾಲು ಧಾರಾಳವಾಗಿ ಇಳಿಯುವುದರಿಂದ ಆ ದೋಷ ಮುಚ್ಚಿಹೋಗುತ್ತದೆ. ಆನಂತರ ಎದೆಯಿಂದ ಎಷ್ಟು ಹಾಲು ಹೊರಹೋಗುತ್ತದೆಯೋ ಅಷ್ಟೇ ಹುಟ್ಟುತ್ತದೆ.

ಸಲಹೆಯ ಮೊದಲ ಭಾಗ ಕೂರುವ ಮತ್ತು ಹಿಡಿಯುವ ಬಗೆಗೆ ಸಂಬಂಧಿಸಿತ್ತು. ಗೋಡೆಗೆ ಒರಗಿ, ಬೆನ್ನಿಗೂ ಮಡಿಲಿಗೂ ದಿಂಬು ಕೊಟ್ಟು, ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ಇಡೀ ಮೈಯನ್ನು ತಿರುಗಿಸಲು ಹೇಳಿದೆ. ಎಡ ಎದೆಗೆ ಕುಡಿಸುವಾಗ ಬಲಗೈ ಮಗುವಿನ ಹೆಗಲು ಮತ್ತು ಕತ್ತಿನ ಹಿಂದೆ ಇರಬೇಕು, ತಲೆಯನ್ನು ಒತ್ತಬಾರದು. ಮೂಗು ತೊಟ್ಟಿನ ನೇರಕ್ಕೆ ಬಂದಾಗ ತೊಟ್ಟಿನಿಂದ ಮೇಲ್ತುಟಿಯನ್ನು ಸವರಿ, ಬಾಯಿ ಆಕಳಿಕೆಯಷ್ಟು ಅಗಲವಾಗುವವರೆಗೆ ಕಾದು, ಆ ಕ್ಷಣದಲ್ಲಿ ಮಗುವನ್ನು ಎದೆಗೆ ತರಬೇಕೇ ಹೊರತು ಎದೆಯನ್ನು ಮಗುವಿನತ್ತ ಬಗ್ಗಿಸಬಾರದು. ಗದ್ದ ಎದೆಗೆ ಒತ್ತಿ, ಕೆಳತುಟಿ ಹೊರಕ್ಕೆ ಮಗುಚಿ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಂಡರೆ ಹಿಡಿತ ಸರಿಯಿದೆ. ಮೂರನೆಯ ಪ್ರಯತ್ನಕ್ಕೆ ಟಕ್ ಸದ್ದು ನಿಂತು ಗುಟುಕಿನ ಸದ್ದು ಕೇಳಿತು. ಚೀಪುವುದು ನಿಧಾನವಾದಾಗ ತಾಯಿ ಎದೆಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿಹಿಡಿದರೆ ಮತ್ತೆ ಗುಟುಕು ಶುರುವಾಗುತ್ತಿತ್ತು. ಅಲಾರಂ ತೆಗೆಸಿದೆ. ಒಂದು ಕಡೆ ಮಗು ತಾನಾಗಿ ಬಿಡುವವರೆಗೆ ಕುಡಿಸಿ, ತೇಗಿಸಿ, ಆಮೇಲೆ ಇನ್ನೊಂದು ಕಡೆ ಕೊಡಬೇಕು. ಬೇಡವೆಂದರೆ ಮುಂದಿನ ಸಲ ಆ ಕಡೆಯಿಂದ ಆರಂಭಿಸಿದರಾಯಿತು. ದಿನಕ್ಕೆ 8ರಿಂದ 12 ಸಲ, ಅದರಲ್ಲಿ ರಾತ್ರಿಯವು ಖಂಡಿತ ಇರಬೇಕು, ಏಕೆಂದರೆ ಹಾಲು ಹುಟ್ಟಿಸುವ ಪ್ರೊಲ್ಯಾಕ್ಟಿನ್ ರಾತ್ರಿಯಲ್ಲೇ ಹೆಚ್ಚು.

ಎರಡನೆಯದು ಒಳಲೆ. ಇದನ್ನು ಬಿಡಿಸುವುದಕ್ಕಿಂತ ಉಳಿಸಿಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ. ಬಾಟಲಿಗಿಂತ ತೊಳೆಯಲು ಸುಲಭ, ಮೊಲೆ ಹಿಡಿಯುವ ಅಭ್ಯಾಸವನ್ನು ಕೆಡಿಸುವುದೂ ಇಲ್ಲ. ಆದರೆ ಅದರೊಳಗೆ ಏನಿದೆ, ಅದನ್ನು ಹೇಗೆ ಹಿಡಿಯುತ್ತಾರೆ ಎಂಬುದು ಮುಖ್ಯ. ಬೆಳಿಗ್ಗೆ, ಮಧ್ಯಾಹ್ನ, ಮಲಗುವ ಮುನ್ನ ಹೀಗೆ ಮೂರು ಸಲ, ಮಗು ಕುಡಿದಾದ ಮೇಲೆ ಎದೆಯಲ್ಲಿ ಉಳಿದ ಗಟ್ಟಿ ಹಾಲನ್ನು ಕೈಯಿಂದ ಹಿಂಡಿ, ಸಿಕ್ಕ 20–30 ಮಿ.ಲೀ.ಯನ್ನು ಒಳಲೆಯಲ್ಲಿ ಕೊಡಲು ಹೇಳಿದೆ. ಹೆಬ್ಬೆರಳು ಮತ್ತು ತೋರುಬೆರಳನ್ನು ಕಪ್ಪು ಭಾಗದ ಅಂಚಿನಲ್ಲಿಟ್ಟು ಮೊದಲು ಎದೆಗೂಡಿನ ಕಡೆಗೆ ಒತ್ತಿ ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಕೂಡಿಸಬೇಕು. ತೊಟ್ಟನ್ನು ಎಳೆದರೆ ನೋವೇ ಹೊರತು ಹಾಲು ಬಾರದು. ಆಷಾಢದ ಮಳೆಗೆ ಅಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ್ದರಿಂದ ಫ್ರಿಜ್ಜನ್ನು ನಂಬದೆ ಹಿಂಡಿದ ಹಾಲನ್ನು ಕೂಡಲೇ, ಹೆಚ್ಚೆಂದರೆ ನಾಲ್ಕು ಗಂಟೆಯೊಳಗೆ, ಕುಡಿಸುವಂತೆ ಹೇಳಿದೆ. ಕಾಲು ಚಾಚಿ ಮಗುವನ್ನು ಅಂಗಾತ ಮಲಗಿಸಿ ಒಳಲೆಯನ್ನು ಗಂಟಲಿಗೆ ಸುರಿಯುವ ರೂಢಿ ಮಾತ್ರ ಬೇಡ. ಹಾಲು ಶ್ವಾಸಕೋಶಕ್ಕೆ ಹೋಗಬಹುದು. ಮಗುವನ್ನು ಕೂರಿಸಿದಂತೆ ಹಿಡಿದು, ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿದರೆ ಅದು ತಾನೇ ಹೀರಿಕೊಳ್ಳುತ್ತದೆ. ಪ್ರತಿ ಸಲವೂ ಒಳಲೆಯನ್ನು ತೊಳೆದು ನೀರಿನಲ್ಲಿ ಕುದಿಸಬೇಕು.

ಓಮದ ನೀರು, ಗ್ರೈಪ್ ವಾಟರ್, ಬಜೆ, ನೀರುಹಾಲು ನಾಲ್ಕೂ ನಿಲ್ಲಬೇಕೆಂದೆ. ಜೇನಿನಲ್ಲಿ ಬೊಟ್ಯುಲಿಸಂ ಎಂಬ ವಿಷಬಾಧೆ ತರುವ ಬೀಜಾಣುಗಳು ಇರಬಹುದಾದ್ದರಿಂದ, ಕಾಡಿನದಾಗಲಿ ಅಂಗಡಿಯದಾಗಲಿ, ವರ್ಷ ತುಂಬುವವರೆಗೆ ಒಂದು ಹನಿಯೂ ಕೂಡದು. ಬಜೆಯಲ್ಲಿ ಅಸರೋನ್ ಎಂಬ ಹಾನಿಕರ ಅಂಶವಿದೆ, ತೇಯುವ ಕಲ್ಲಿನ ಕೊಳೆ ಅದರ ಮೇಲೆ. ಹಸುವಿನ ಹಾಲಿನಲ್ಲಿ ಕಬ್ಬಿಣ ತೀರ ಕಡಿಮೆ, ಪ್ರೋಟೀನು ಮತ್ತು ಲವಣ ಎಳೆಯ ಮೂತ್ರಪಿಂಡಕ್ಕೆ ಭಾರ. ಅರ್ಧ ನೀರು ಬೆರೆಸಿದರೆ ಶಕ್ತಿಯೂ ಅರ್ಧವಾಗುತ್ತದೆ. "ನಾವೆಲ್ಲ ಅದನ್ನೇ ಕುಡಿದು ಬೆಳೆದವರಲ್ಲವೆ?" ಎಂದು ಅಜ್ಜಿ ಕೇಳಿದರು. ನಾನು ವಾದಕ್ಕಿಳಿಯದೆ ಕಾರ್ಡಿನಲ್ಲಿ ಆರನೇ ವಾರದ ಚುಕ್ಕೆಯನ್ನೂ ಹತ್ತನೇ ವಾರದ ಚುಕ್ಕೆಯನ್ನೂ ತೋರಿಸಿ, ಒಂದು ವಾರ ಮಟ್ಟಿಗೆ ನಿಲ್ಲಿಸಿ ತೂಕ ನೋಡೋಣವೆಂದೆ.

ಅಜ್ಜಿಯ ಕೈಗೆ ಬೇರೆ ಕೆಲಸ ಕೊಡದೆ ಓಮದ ನೀರಿನ ಲೋಟವನ್ನು ಕಸಿದುಕೊಳ್ಳಲಾಗದು. ಮಗುವನ್ನು ತೇಗಿಸುವುದು ಅವರ ಪಾಲಿಗೆ ಬಂತು: ಹೆಗಲಿಗೆ ಹಾಕಿಕೊಂಡು ಅಥವಾ ತೊಡೆಯ ಮೇಲೆ ಕೂರಿಸಿ ಗದ್ದಕ್ಕೆ ಆಸರೆ ಕೊಟ್ಟು ಬೆನ್ನು ಸವರುವುದು, ಕುಡಿದಾದ ಮೇಲೆ ಕಾಲು ಗಂಟೆ ನೆಟ್ಟಗೆ ಹಿಡಿದಿರುವುದು, ಹಾಲಿನ ಹೊತ್ತು ಕಳೆದ ಮೇಲೆ ಹೊಕ್ಕುಳ ಸುತ್ತ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎಣ್ಣೆಗೈಯಿಂದ ನೀವುವುದು, ಕಾಲುಗಳನ್ನು ಸೈಕಲ್ ತುಳಿದಂತೆ ಆಡಿಸುವುದು, ಎಚ್ಚರವಿದ್ದಾಗ ಕಣ್ಣೆದುರೇ ಸ್ವಲ್ಪ ಹೊತ್ತು ಬೋರಲು ಹಾಕುವುದು. ರಾತ್ರಿ ಮಗು ತಾಯಿಯ ಕೋಣೆಯಲ್ಲಿ. ಎದ್ದಾಗ ಎತ್ತಿ ಕೊಡುವುದು, ಕುಡಿದ ಮೇಲೆ ತೇಗಿಸಿ ಮಲಗಿಸುವುದು ಅಜ್ಜಿ. ಮುಚ್ಚಿದ ಬಾಣಂತಿ ಕೋಣೆಯೊಳಗೆ ಎರಡು ಹೊತ್ತು ಹಾಕುತ್ತಿದ್ದ ಸಾಂಬ್ರಾಣಿ ಹೊಗೆಯನ್ನೂ ಬಿಡಿಸಿದೆ. ಬಟ್ಟೆ ಒಣಗಿಸಲು ಬಚ್ಚಲೊಲೆ ಇದ್ದೇ ಇತ್ತು.

ತಾಯಿಯ ಊಟವೂ ಸೊರಗಿತ್ತು. ಶೀತವಾದೀತೆಂದು ಹಣ್ಣು, ಸೊಪ್ಪು, ಮೊಸರು, ವಾಯುವಾದೀತೆಂದು ಬೇಳೆಕಾಳು ಎಲ್ಲವನ್ನೂ ಬಿಡಿಸಿ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿಯಲ್ಲಿ ದಿನ ತಳ್ಳುತ್ತಿದ್ದರು. ನೀರನ್ನು ಅಳೆದು ಕೊಡುತ್ತಿದ್ದರು. ತಾಯಿ ತಿಂದ ಕಾಳಿನ ವಾಯು ಹಾಲಿಗೆ ಇಳಿಯುವುದಿಲ್ಲ. ಬಾಯಾರಿದಷ್ಟು ನೀರು, ಎರಡು ಹೊತ್ತು ಕಾಳು ಅಥವಾ ಮೊಟ್ಟೆ, ಬಸಳೆ, ಹಣ್ಣು, ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ ಇಷ್ಟಕ್ಕೆ ಒಪ್ಪಿಗೆ ಸಿಕ್ಕಿತು. ಮೊಸರಿಗೆ ಅಜ್ಜಿ ಒಪ್ಪಲಿಲ್ಲ. ನಾನೂ ಹಟ ಹಿಡಿಯಲಿಲ್ಲ.

ತೂಕವನ್ನು ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ, ವಾರಕ್ಕೊಮ್ಮೆ ಮಾತ್ರ ನೋಡಬೇಕೆಂದು ಹೇಳಿದ್ದೆ. ದಿನವೂ ತೂಗಿದರೆ ಮಲಮೂತ್ರದ ವ್ಯತ್ಯಾಸಕ್ಕೇ ಮನೆಯವರು ಗಾಬರಿಯಾಗುತ್ತಾರೆ. ನಡುವಿನ ದಿನಗಳಲ್ಲಿ ದಿನಕ್ಕೆ ಆರಕ್ಕೆ ಕಡಿಮೆಯಿಲ್ಲದೆ ಬಟ್ಟೆ ಒದ್ದೆಯಾದರೆ ಸಾಕ್ಷಿ ಅಷ್ಟೇ ಸಾಕು. ಮೊದಲ ವಾರ 210 ಗ್ರಾಂ ಏರಿತು. ಎರಡನೇ ವಾರ ಅಜ್ಜಿಯೇ ತಕ್ಕಡಿಯ ಮುಂದೆ ನಿಂತಿದ್ದರು. ಮೂರನೇ ವಾರ ಶೀತವಾಗಿ ಮೂಗು ಕಟ್ಟಿ 90 ಗ್ರಾಂ ಮಾತ್ರ ಬಂದಾಗ ಪುಡಿಹಾಲಿನ ಡಬ್ಬಿಯ ಮಾತು ಎದ್ದಿತು. ವೈದ್ಯರೊಂದಿಗೆ ಮಾತಾಡಿ, ಮೂಗಿಗೆ ಲವಣದ ಹನಿ ಹಾಕಿ, ಒಳಲೆಯ ಹಾಲನ್ನು ಐದು ಸಲಕ್ಕೆ ಏರಿಸಿ ಇನ್ನೊಂದು ವಾರ ಕಾದೆವು. ಎದೆಹಾಲು ಹೆಚ್ಚದೆ ತೂಕ ನಿಂತೇ ಹೋಗಿದ್ದರೆ ವೈದ್ಯರು ಹೇಳಿದ ಅಳತೆಯಲ್ಲಿ ಪುಡಿಹಾಲನ್ನೂ ಕೊಡಿಸುತ್ತಿದ್ದೆ, ಅದರಲ್ಲಿ ಸೋಲೇನೂ ಇಲ್ಲ. ಇಲ್ಲಿ ಅದರ ಅಗತ್ಯ ಬೀಳಲಿಲ್ಲ. ಹದಿನಾಲ್ಕನೇ ವಾರದ ಲಸಿಕೆಯ ದಿನ ತೂಕ 4.7 ಕೆ.ಜಿ. ದಾಟಿ ಚುಕ್ಕೆ ಹಸಿರು ಪಟ್ಟಿಯ ಕೆಳಗಂಚಿಗೆ ಬಂದಿತ್ತು. ಮಲ ಹಳದಿಯಾಗಿತ್ತು. ಸಂಜೆಯ ಅಳು ಪೂರ್ತಿ ನಿಂತಿರಲಿಲ್ಲ, ಆದರೆ ಅದಕ್ಕೆ ಯಾರೂ ಮದ್ದು ಹುಡುಕುತ್ತಿರಲಿಲ್ಲ.

ಗಂಡನ ಮನೆಗೆ ಹೊರಡುವ ಮುನ್ನ ತಾಯಿ ಕೇಳಿದ್ದು ಎರಡೇ ವಿಷಯ. ತೂಕ ಮುಂದೆಯೂ ಹೀಗೆಯೇ ಏರುತ್ತದೆಯೇ ಎಂಬುದಕ್ಕೆ, ಮೂರು ತಿಂಗಳ ನಂತರ ತೂಕದ ವೇಗ ದಿನಕ್ಕೆ 15–20 ಗ್ರಾಂಗೆ ಇಳಿಯುವುದು ಸಹಜವೆಂದೂ, ಅದನ್ನು ನೋಡಿ ಅಲ್ಲಿಯವರು ಮತ್ತೆ ಬಾಟಲಿ ಹಿಡಿಯಬಾರದೆಂದೂ ಹೇಳಿ, ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಗಿಸಿ ಕಾರ್ಡಿನಲ್ಲಿ ಬರೆಸಲು ತಿಳಿಸಿದೆ. ನಾಲ್ಕು ತಿಂಗಳಿಗೇ ರಾಗಿ ಸರಿ ಶುರುಮಾಡಿದರೆ ತೂಕ ಬೇಗ ಬಂದೀತೇ ಎಂಬುದಕ್ಕೆ ಬೇಡವೆಂದೆ. ಆರು ತಿಂಗಳು ತುಂಬುವವರೆಗೆ ವೈದ್ಯರು ಬರೆದ ವಿಟಮಿನ್ ಡಿ ಹನಿ ಬಿಟ್ಟರೆ ಎದೆಹಾಲಷ್ಟೇ, ತುಂಬಿದ ಮೇಲೆ ಎದೆಹಾಲಿನ ಜತೆಗೆ ತುಪ್ಪ ಹಾಕಿದ ಗಟ್ಟಿ ಸರಿ.