ಮೆಡಿಕಲ್ ಬೋರ್ಡ್ ಮುಂದೆ ಸ್ವಲ್ಪ ಜಾಸ್ತಿ ಕುಂಟಬೇಕಾ?

ನಿಮಗೂ ನನಗೂ ಒಂದೇ ಕಾಯಿಲೆ, ಲಿಂಬ್ ಗರ್ಡಲ್ ಮಸ್ಕ್ಯುಲರ್ ಡಿಸ್ಟ್ರಫಿ, ಅಂದರೆ ಸೊಂಟ, ಭುಜದ ಸುತ್ತಿನ ಸ್ನಾಯುಗಳು ಬರಬರುತ್ತಾ ಸೋಲುವ ಕಾಯಿಲೆ. ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ತಪಾಸಣೆಗೆ ದಿನ ಗೊತ್ತಾಗಿದೆ, ಕುಂಟಿದರೆ ಅಂಗವೈಕಲ್ಯದ ಪರ್ಸೆಂಟೇಜ್ ಜಾಸ್ತಿ ಸಿಗುತ್ತಾ ಅಂತ ಕೇಳಿದ್ದೀರಿ. 2018ರಲ್ಲಿ ನಾನು ಮಾಡಿದ್ದು ಇದರ ಉಲ್ಟಾ. ಚೆನ್ನಾಗಿರುವವನ ಹಾಗೆ ನಟಿಸಿ ಬಂದೆ.

ಹಿಂದಿನ ದಿನ ರಜೆ ಹಾಕಿ ಮಲಗಿದ್ದೆ. ಬಸ್ಸು ಹತ್ತುವ ಕಷ್ಟ ಬೇಡ ಅಂತ ಆಟೋದಲ್ಲಿ ಹೋದೆ. ಇಸ್ತ್ರಿ ಮಾಡಿದ ಶರ್ಟು. ಅಂದರೆ ವರ್ಷದಲ್ಲೇ ನನ್ನ ಒಳ್ಳೆಯ ದಿನವನ್ನು ಡಾಕ್ಟರಿಗೆ ತೋರಿಸಿದೆ. ಕುರ್ಚಿಯಿಂದ ಏಳಿ ಅಂದರು. ಅದು ಕೈಯಿರುವ, ಎತ್ತರದ ಕುರ್ಚಿ. ಕೈ ಊರಿ ಎದ್ದೆ. ಮೆಟ್ಟಿಲು ಹತ್ತೋಕೆ ಆಗುತ್ತಾ ಅಂದರು.

"ಆಗುತ್ತೆ ಸಾರ್."

ನಾನು ಕೆಟ್ಟಿದ್ದೇ ಈ ಎರಡು ಮಾತಿನಲ್ಲಿ. ಸುಳ್ಳಲ್ಲ, ಆಗುತ್ತಿತ್ತು. ಒಂದು ಕೈಯಲ್ಲಿ ಕಂಬಿ ಎಳೆದುಕೊಂಡು, ಇನ್ನೊಂದು ಕೈಯಿಂದ ಮಂಡಿ ಒತ್ತಿಕೊಂಡು, ನಡುವೆ ಎರಡು ಸಲ ನಿಂತು. ಕಂಬಿ ಇಲ್ಲದ ಕಡೆ ಹತ್ತುತ್ತಲೇ ಇರಲಿಲ್ಲ. ಅಕ್ಕನ ಮನೆ ಮಹಡಿಯಲ್ಲಿದೆ ಅಂತ ಎರಡು ವರ್ಷ ಆ ಕಡೆ ಹೋಗಿರಲಿಲ್ಲ. ಇದನ್ನೆಲ್ಲ ಯಾರು ಹೇಳಬೇಕಿತ್ತು? ನಾನೇ ಅಲ್ವಾ? ನೆಲದಿಂದ ಏಳೋದು ಹೇಗೆ ಅಂತ ಕೇಳಿದಾಗಲೂ "ನಿಧಾನಕ್ಕೆ ಏಳ್ತೀನಿ ಸಾರ್" ಅಂದೆ. ನನ್ನ ಹಿಂದೆ ಉದ್ದ ಕ್ಯೂ ಇತ್ತು. ಅವರು ಬರೆದುಕೊಂಡರು. 32 ಪರ್ಸೆಂಟ್. ಬಹುತೇಕ ಸವಲತ್ತಿಗೆ 40 ಬೇಕು.

ಡಾಕ್ಟರನ್ನು ಬೈದುಕೊಂಡು ಓಡಾಡಿದೆ. ಆದರೆ ನಾನು ತೋರಿಸಿದ್ದನ್ನೇ ಅವರು ಬರೆದಿದ್ದರು. ನನಗೆ ಮುಚ್ಚಿಡುವುದು ರೂಢಿಯಾಗಿಬಿಟ್ಟಿತ್ತು. ಆಫೀಸಿನಲ್ಲಿ ಯಾರಾದರೂ ಕೇಳಿದರೆ "ಕಾಲು ಉಳುಕಿದೆ" ಅನ್ನುತ್ತಿದ್ದೆ. ಒಂಬತ್ತು ವರ್ಷ ನನ್ನ ಕಾಲು ಉಳುಕಿಯೇ ಇತ್ತು.

2021ರಲ್ಲಿ ಮತ್ತೆ ಹೋದೆ. ಈ ಸಲ ಹೆಂಡತಿ ಜೊತೆಗಿದ್ದಳು. ಅವಳೇ ಒಂದು ಹಾಳೆಯಲ್ಲಿ ಬರೆದಿದ್ದಳು: ಕಮೋಡ್ ಇಲ್ಲದ ಕಡೆ ಹೋಗಲ್ಲ, ಮೇಲಿನ ಶೆಲ್ಫಿಗೆ ಕೈ ಏಳಲ್ಲ, ತಿಂಗಳಿಗೆ ಎರಡು ಮೂರು ಸಲ ಬೀಳುತ್ತಾರೆ. ಓದಿ ನನಗೆ ಸಿಟ್ಟೇ ಬಂತು. ನ್ಯೂರಾಲಜಿಸ್ಟ್ ಹತ್ತಿರ ಯಾವ ಸ್ನಾಯುವಿನ ಶಕ್ತಿ ಎಷ್ಟು ಅಂತ ಬಿಡಿಸಿ ಬರೆಸಿಕೊಂಡಿದ್ದೆ. ಜೀನ್ ಟೆಸ್ಟ್ ರಿಪೋರ್ಟೂ ಇತ್ತು. ನೆಲದಲ್ಲಿ ಕೂತು ಏಳುತ್ತೇನೆ, ನೋಡಿ ಅಂತ ನಾನೇ ಕೇಳಿಕೊಂಡೆ. ಕೂತೆ. ಮಗ್ಗುಲಿಗೆ ಹೊರಳಿ, ಮಕ್ಕಳಿಗೆ ಆನೆಯಾಗುವ ಹಾಗೆ ನಾಲ್ಕು ಕಾಲಾಗಿ, ಮೊದಲು ಸೊಂಟ ಎತ್ತಿ, ಆಮೇಲೆ ಮಂಡಿ, ತೊಡೆ ಅಂತ ನನ್ನ ಮೈಯನ್ನೇ ಕೈಯಲ್ಲಿ ಹತ್ತಿಕೊಂಡು ನಿಂತೆ. ಇದಕ್ಕೆ ಗವರ್ಸ್ ಸೈನ್ ಅನ್ನುತ್ತಾರೆ. ಹೆಂಡತಿಯ ಕೈ ಮುಂದೆ ಬಂತು, ಮತ್ತೆ ಹಿಂದೆ ಹೋಯಿತು. ಆ ಸಲ 58 ಬಂತು.

ಹಾಗಾಗಿ ಕುಂಟಬೇಡಿ. ಮೊದಲನೆಯದಾಗಿ ನಮ್ಮ ಕಾಯಿಲೆಯಲ್ಲಿ ಸಾಮಾನ್ಯವಾಗಿ ಒಂದು ಕಾಲು ಕುಂಟುವುದಿಲ್ಲ, ಸೊಂಟ ಎರಡೂ ಕಡೆ ಓಲಾಡುತ್ತದೆ, ಬಾತುಕೋಳಿಯ ಹಾಗೆ. ಗೊತ್ತಿರುವ ಡಾಕ್ಟರು ಒಂದು ನಿಮಿಷದಲ್ಲಿ ಹಿಡಿಯುತ್ತಾರೆ. ಕೈಕಾಲು ಒತ್ತಿಸಿ 0ಯಿಂದ 5ರವರೆಗೆ ಶಕ್ತಿ ಅಳೆಯುತ್ತಾರೆ, ಅದಕ್ಕೂ ನಿಮ್ಮ ರಿಪೋರ್ಟಿಗೂ ತಾಳೆಯಾಗಬೇಕು. ನಿಮ್ಮ ನಿಜವಾದ ಕಷ್ಟವೇ ಸಾಕಷ್ಟಿದೆ ಕಣ್ರೀ, ಅದನ್ನು ಬಿಚ್ಚಿಡಿ. ಕಾಯಿಲೆ ಪಟ್ಟಿಯಲ್ಲಿದೆಯಾ ಅನ್ನೋ ಚಿಂತೆ ಬಿಡಿ, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರಫಿ ಹೆಸರು ಹಾಕಿಯೇ ಇದೆ. ಪರ್ಸೆಂಟೇಜ್ ಕಡಿಮೆ ಬಂದರೆ ಮೇಲ್ಮನವಿ ಹಾಕೋಕೂ ಅದರಲ್ಲಿ ಅವಕಾಶವಿದೆ. ನನಗದು ಗೊತ್ತಿರಲಿಲ್ಲ. ಮೂರು ವರ್ಷ ಸುಮ್ನೆ ಮುಖ ಊದಿಸಿಕೊಂಡು ಕೂತಿದ್ದೆ.

ಪಿಂಚಣಿ ಬಗ್ಗೆ ಕೇಳಿದ್ದಿರಿ. ಕಾರ್ಡ್ ಬಂದ ಕೂಡಲೇ ದುಡ್ಡು ಬರಲ್ಲ, ನಾಡಕಚೇರಿಯಲ್ಲಿ ಬೇರೆ ಅರ್ಜಿ, ಆದಾಯದ ಮಿತಿಯೂ ಇದೆ. ಸಂಬಳದಾರರಾದರೆ ತೆರಿಗೆ ಲೆಕ್ಕದ ಆದಾಯದಲ್ಲಿ 75,000 ರೂಪಾಯಿ ಕಡಿತವಿದೆ, 80 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1,25,000. ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ.

ಇಸ್ತ್ರಿ ಶರ್ಟು ಹಾಕಿಕೊಂಡು ಹೋಗಿ, ಪರವಾಗಿಲ್ಲ. ಆದರೆ ಕೈಯಿರುವ ಕುರ್ಚಿ ಕೊಟ್ಟರೆ, "ಸಾರ್, ಕೈಯಿಲ್ಲದ್ದು ಕೊಡಿ" ಅನ್ನಿ.